ಐದನೆಯವಳು

ಲೋಕಲ್ ಗಾಡಿ ಠಾಕುರ್ಲಿ ದಾಟುವ ಮೊದಲು ಅದನ್ನು ಹಾಕಿಕೊಂಡುಬಿಡಬೇಕು. ಡೊಂಬಿವಲಿಯ ಮನೆಯಲ್ಲೇ ಹಾಕಿಕೊಂಡು ಹೊರಟರೆ ಮೆಟ್ಟಿಲಲ್ಲಿ ಕೆಳಗಿನ ಮನೆಯವಳು ನೋಡುತ್ತಾಳೆ. ಕಲ್ಯಾಣದಲ್ಲಿ ಇಳಿದ ಮೇಲಾದರೆ ಸೇತುವೆಯ ಮೇಲೆ ಕೈ ಎತ್ತಲು ಜಾಗವಿರುವುದಿಲ್ಲ. ಮಾಲಾ ಕ್ಯಾಮೆರಾದ ಚೀಲವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಲೆನ್ಸ್ ಒರೆಸುವ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕರಿಮಣಿ ಸರವನ್ನು ಹೊರತೆಗೆದಳು. ಎರಡು ಬಟ್ಟಲಿನ, ಚಿನ್ನದ ನೀರು ಕುಡಿಸಿದ ಸರ. ಉಲ್ಹಾಸನಗರದ ಅಂಗಡಿಯವನು ಆರು ತಿಂಗಳು ಬಣ್ಣ ಹೋಗುವುದಿಲ್ಲ ಎಂದು ಗ್ಯಾರಂಟಿ ಕೊಟ್ಟಿದ್ದ. ನಿಜವಾದದ್ದಕ್ಕೆ ಯಾರೂ ಗ್ಯಾರಂಟಿ ಕೊಟ್ಟಿರಲಿಲ್ಲ. ಅದು ನಾಲ್ಕು ವರ್ಷ ನಡೆಯಿತು. ಕೊಂಡಿ ಕೂಡಲಿಲ್ಲ. ಕೂದಲಿಗೆ ಸಿಕ್ಕಿಕೊಂಡಿತು. ಎದುರಿಗೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಗಸು ಎದ್ದು ಬಂದು, ಬೆರಳಿನ ಹಸಿವಾಸನೆಯೊಡನೆ ಅವಳ ಕತ್ತು ಬಗ್ಗಿಸಿ, ಕೊಂಡಿಯನ್ನು ಹಲ್ಲಿನಿಂದ ಕಚ್ಚಿ ಕೂಡಿಸಿದಳು. ಗಂಡನಿಗೆ ಹೇಳು, ಹೊಸದು ಮಾಡಿಸಿ ಕೊಡುತ್ತಾನೆ ಎಂದಳು ಮರಾಠಿಯಲ್ಲಿ. ಹೂಂ, ಹೇಳುತ್ತೇನೆ ಎಂದಳು ಮಾಲಾ. ಆ ಹೆಂಗಸಿನ ಉಗುಳು ಕತ್ತಿನ ಹಿಂದೆ ಆರುವವರೆಗೂ ಅವಳು ಹಾಗೇ ಬಗ್ಗಿ ಕುಳಿತಿದ್ದಳು.

ಮೊದಲು ಅವಳಿಗೆ ಇದು ಹೊಳೆದಿರಲಿಲ್ಲ. ನೆರೂಳಿನ ಒಂದು ಮನೆಗೆ ಬರಿಗೊರಳಿನಲ್ಲಿ ಹೋಗಿದ್ದಳು. ಮೈಸೂರು ಕಡೆಯ ದಂಪತಿಗಳು. ಇಬ್ಬರನ್ನೂ ಕಿಟಕಿಯ ಪಕ್ಕ ಕೂರಿಸಿ ಬೆಳಕು ಅಳೆಯುತ್ತಿದ್ದಾಗ ಆ ಅಮ್ಮ ಇವಳ ಕೊರಳು, ಹಣೆ, ಕಾಲ್ಬೆರಳು ಮೂರನ್ನೂ ಒಂದೊಂದಾಗಿ ನೋಡಿ, ಗಂಡನ ಕಿವಿಯಲ್ಲಿ ಏನೋ ಹೇಳಿದರು. ಆತ ಎದ್ದು ಬಂದು, ತಪ್ಪು ತಿಳಿಯಬೇಡಿಮ್ಮ, ನಮ್ಮನೆಯವಳಿಗೆ ಇವೆಲ್ಲ ಸ್ವಲ್ಪ ಜಾಸ್ತಿ, ಬೇರೆ ಯಾರನ್ನಾದರೂ ಕಳಿಸೋಕಾಗುತ್ತಾ ಎಂದು ಕೇಳಿದರು. ಅಷ್ಟರಲ್ಲಿ ಕಾಫಿ ಬಂದಿತ್ತು. ಲೋಟ ಕೈಯಲ್ಲಿತ್ತು. ಬಿಟ್ಟು ಏಳುವುದೋ ಕುಡಿಯುವುದೋ ತಿಳಿಯದೆ ಅವಳು ಪೂರ್ತಿ ಕುಡಿದಳು. ಕಾಫಿ ಚೆನ್ನಾಗಿತ್ತು. ಚೆನ್ನಾಗಿತ್ತು ಎನ್ನುವುದನ್ನು ತಾನು ಗಮನಿಸಿದೆ ಎಂಬುದೇ ಅವಳಿಗೆ ಬಹಳ ದಿನ ಚುಚ್ಚುತ್ತಿತ್ತು.

ವಯಸ್ಸಾದವರ ಫೋಟೋ ಅವರವರ ಮನೆಗೇ ಹೋಗಿ ತೆಗೆಯುವುದು ಅವಳ ಕೆಲಸ. ಫೋನು ಮಾಡುವ ಮಕ್ಕಳು ಯಾರೂ ಅದು ಯಾತಕ್ಕೆಂದು ಹೇಳುವುದಿಲ್ಲ. ಒಂದು ಒಳ್ಳೆಯ ಫೋಟೋ ಇರಲಿ ಅಂತ, ಎನ್ನುತ್ತಾರೆ. ಆಮೇಲೆ ಅಳತೆ ಹೇಳುತ್ತಾರೆ, ಚೌಕಟ್ಟಿನ ಬಣ್ಣ ಹೇಳುತ್ತಾರೆ, ಕೊನೆಗೆ ತಲೆಯ ಮೇಲೆ ಸ್ವಲ್ಪ ಜಾಗ ಬಿಡಿ ಎನ್ನುತ್ತಾರೆ. ಹಾರಕ್ಕೆ. ಮುದುಕರಿಗೆ ಎಲ್ಲ ಗೊತ್ತಿರುತ್ತದೆ. ಗೊತ್ತಿದ್ದೂ ಕೂದಲು ಬಾಚಿಸಿಕೊಂಡು, ಹಲ್ಲಿನ ಸೆಟ್ಟು ಹಾಕಿಕೊಂಡು, ಮಗನ ಮನೆಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಳ್ಳುತ್ತಾರೆ. ಆ ಜಾಗ ಬಿಡುವುದರಲ್ಲಿ ಮಾಲಾಗೆ ಈಗ ಕೈ ಕುದುರಿದೆ. ಗಂಡ ಗುಣಪಾಲನ ಫೋಟೋದಲ್ಲಿ ಜಾಗವಿರಲಿಲ್ಲ. ಅವನು ಮಹಾಪೆಯ ಕಂಪನಿಯ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವನು ಹಾಗೇ ಕುಸಿದದ್ದು. ಮೂವತ್ತಾರು ವರ್ಷ. ಚಿಕ್ಕೋಡಿಯಲ್ಲಿ ಗೋಡೆಗೆ ಹಾಕಲು ಫೋಟೋ ಬೇಕಾದಾಗ ಅವಳು ಎರಡು ಹಾರ್ಡ್ ಡಿಸ್ಕು ಜಾಲಾಡಿದಳು. ಊರವರ ಮದುವೆ, ಊರವರ ಕೂಸು, ಊರವರ ಅಜ್ಜಂದಿರು. ಅವನಿದ್ದದ್ದು ಎಲ್ಲೋ ಮೂಲೆಯಲ್ಲಿ, ಅವಳಿಗಾಗಿ ಲೈಟಿನ ಕೊಡೆ ಎತ್ತಿ ಹಿಡಿದ ಅರ್ಧ ತೋಳಾಗಿ. ಕೊನೆಗೆ ಕಂಪನಿಯ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದರು. ಹಾರ ಹಾಕಿದರೆ ಹಣೆ ಮುಚ್ಚುತ್ತಿತ್ತು. ಅತ್ತೆ ಬಂದವರಿಗೆಲ್ಲ ಹೇಳಿದರು: ‘ಊರ ಮಂದೀದೆಲ್ಲಾ ಫೋಟೋ ತಗೀತಾಳ, ಗಂಡಂದು ಒಂದು ತಗದಿಟ್ಟಿಲ್ಲ ನೋಡ್ರಿ.’ ಅದು ಸುಳ್ಳಾಗಿದ್ದರೆ ಅಳಬಹುದಿತ್ತು.

ಕಲ್ಯಾಣದ ಖಡಕಪಾಡಾದಲ್ಲಿ, ಏಳನೆಯ ಮಹಡಿಯ ಮನೆಯ ಬಾಗಿಲು ತೆರೆದವನು ಮಗ ಸ್ವಪ್ನಿಲ್. ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ತಂದೆ ಹಾಕಿದ ಅಂಗಡಿಯನ್ನು ಈಗ ಅವನು ನಡೆಸುತ್ತಿದ್ದಾನೆ. ‘ಆಯಿಯೇ ಮೇಡಂ, ಅಂದರ್ ಆಯಿಯೇ,’ ಎಂದು ಹಿಂದಿಯಲ್ಲೇ ಕರೆದ. ಒಳಗೆ ಸೋಫಾದ ಮೇಲೆ ಕಾಲು ಮಡಚಿ ಕುಳಿತಿದ್ದ ತಂದೆ ಶಿವಪುತ್ರಪ್ಪ ಮಾತ್ರ ಚೀಲ ಇಳಿಸುವ ಮೊದಲೇ ಕನ್ನಡದಲ್ಲಿ ವಿಚಾರಣೆ ಶುರು ಮಾಡಿದರು.

‘ಯಾವೂರವ್ವಾ ನಿಂದು?’

‘ಚಿಕ್ಕೋಡಿ ಕಡೆಯಾಕ್ರಿ.’

‘ಜೈನರೇನು?’

‘ಹೌದ್ರಿ.’

‘ಏ ಪೂನಂ, ಉಳ್ಳಾಗಡ್ಡಿ ಹಾಕದ್ದು ಒಂದು ಪಲ್ಯ ಬ್ಯಾರೆ ಮಾಡಬೇಕಲಾ!’

‘ಫೋಟೋ ತಗ್ಯಾಕ ಬಂದಾಳ, ಬೀಗತನಕ್ಕ ಅಲ್ಲ,’ ಎಂದು ಒಳಕೋಣೆಯಿಂದ ಒಂದು ದನಿ ಬಂತು. ‘ಆಕೀನ ಒಳಗ ಕಳಸ್ರಿ. ಹೊತ್ತಾತು.’

ಅದು ಅವರ ಹೆಂಡತಿ ರುದ್ರವ್ವ. ಮಂಚದ ಅಂಚಿನಲ್ಲಿ, ಹಸಿರು ಇಲಕಲ್ಲು ಸೀರೆಯುಟ್ಟು, ಮೊಣಕೈತನಕ ಹಸಿರು ಬಳೆ ಇಟ್ಟುಕೊಂಡು ಕುಳಿತಿದ್ದರು. ಬಳೆಗಳು ದೊಡ್ಡವಾಗಿದ್ದವು, ಕೈ ಎತ್ತಿದರೆ ತೋಳಿಗೆ, ಇಳಿಸಿದರೆ ಮಣಿಕಟ್ಟಿಗೆ ಜಾರುತ್ತಿದ್ದವು. ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ದೀಪಾವಳಿ ಕಾಣಿಸುವ ಭರವಸೆ ಕೊಟ್ಟಿಲ್ಲ ಎಂದು ಸ್ವಪ್ನಿಲ್ ಫೋನಿನಲ್ಲೇ ಹೇಳಿದ್ದ. ಎಪ್ಪತ್ತೆಂಟು ವರ್ಷದ ಮುಖದಲ್ಲಿ ಭಯವಿರಲಿಲ್ಲ. ಇದ್ದದ್ದು ಒಂದು ಬಗೆಯ ಸಡಗರ, ದೂರದ ಗಾಡಿಗೆ ಬೇಗ ಹೋಗಿ ನಿಂತವರದು. ಇವತ್ತು ಐದು ಮಂದಿ ಮುತ್ತೈದೆಯರು ಅವರ ಉಡಿ ತುಂಬಬೇಕು. ತುಂಬಿದ ಉಡಿ ಮಡಿಲಲ್ಲಿ ಇರುವಾಗಲೇ ಫೋಟೋ ತೆಗೆಯಬೇಕು. ಅದೇ ಫೋಟೋ ಗೋಡೆಗೆ ಬರಬೇಕು.

‘ನಾ ಮುತ್ತೈದಿಯಾಗಿ ಹೋಗಾಕಿ,’ ಎಂದರು ರುದ್ರವ್ವ, ಮಾಲಾ ಬೆಳಕು ನೋಡುತ್ತಿದ್ದಾಗ. ‘ನಮ್ಮವ್ವ ಹೋಗಲಿಲ್ಲ, ನಮ್ಮತ್ತಿ ಹೋಗಲಿಲ್ಲ. ಬೋಳಗೊರಳಿಲೆ ಇಪ್ಪತ್ತಿಪ್ಪತ್ತು ವರ್ಷ ಕುಂತ್ರು. ನಂಗ ದೇವರು ಅದೊಂದು ಕೊಟ್ಟಾನ. ಇವರಕಿಂತ ಮೊದಲ ಹೋಗತೀನಿ. ನೋಡಿದವರಿಗೆ ಫೋಟೋದಾಗ ಅದು ತಿಳೀಬೇಕು. ಹಂಗ ತಗೀಬೇಕ ನೀ.’

ಬಾಗಿಲಿಗೆ ಬಂದು ನಿಂತಿದ್ದ ಶಿವಪುತ್ರಪ್ಪ ನಕ್ಕರು. ‘ಐವತ್ತೊಂಬತ್ತು ವರ್ಷ ನನ್ನ ಹಿಂದ ಹಿಂದ ನಡದ್ಲವ್ವಾ. ಈಗ ಮುಂದ ಹೊಂಟಾಳ.’

‘ಮುಂದ ಹೋಗಿ ಸೀಟು ಹಿಡದಿರತೀನಿ. ನೀವೇನು ಓಡಿ ಬರಬ್ಯಾಡ್ರಿ. ಸಾವಕಾಶ ಬರ್ರಿ.’

ಎಲ್ಲರೂ ನಕ್ಕರು. ಸೊಸೆ ಪೂನಂ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಮಾಲಾ ಕೂಡ ತುಟಿ ಅಗಲಿಸಿದಳು. ಗಂಡನೆದುರೇ, ಅವನು ಒಂಟಿಯಾಗಿ ಉಳಿಯಲಿ ಎಂದು ಒಬ್ಬಳು ಬೇಡಿಕೊಳ್ಳುತ್ತಿದ್ದಾಳೆ; ಅವನೂ ನಗುತ್ತಿದ್ದಾನೆ. ಇದರಲ್ಲಿ ವಿಚಿತ್ರವಾದದ್ದೇನೂ ಇವರಿಗೆ ಕಾಣಿಸುತ್ತಿಲ್ಲ. ಹೋಗುವವಳಿಗೆ ಪುಣ್ಯ, ಉಳಿಯುವವಳಿಗೆ ಏನು ಎಂಬುದನ್ನು ಕೇಳಬೇಕಾಗಿಯೇ ಇಲ್ಲ. ಚಿಕ್ಕೋಡಿಯಲ್ಲಿ ಹನ್ನೊಂದನೆಯ ದಿನ ತನ್ನನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದದ್ದು ಅವಳಿಗೆ ನೆನಪಾಯಿತು. ಬೈದು ಕರೆದದ್ದಲ್ಲ. ‘ಇತ್ತ ಬಾ ಮಾಲಾ, ಮುಂದ ಮಂದಿ ಕುಂತಾರ,’ ಎಂದಿದ್ದರು ಅತ್ತೆ, ಬಿಸಿಲಿದೆ ನೆರಳಿಗೆ ಬಾ ಎನ್ನುವ ದನಿಯಲ್ಲಿ. ಅವಳು ಎಂ.ಎ. ಓದಿದವಳು, ಇಂಥದ್ದರ ಮೇಲೆ ಇಪ್ಪತ್ತು ಪುಟದ ಪ್ರಬಂಧ ಬರೆದವಳು. ಅವಳೂ ಸುಮ್ಮನೆ ಹಿತ್ತಿಲಿಗೆ ನಡೆದಿದ್ದಳು.

ನಾಲ್ವರು ಬಂದಿದ್ದರು. ಐದನೆಯವಳು ಬದಲಾಪುರದವಳು, ಭಾನುವಾರದ ಮೆಗಾಬ್ಲಾಕು, ಹಳಿ ರಿಪೇರಿ, ಆ ಕಡೆಯಿಂದ ಒಂದು ಗಾಡಿಯೂ ಇಲ್ಲ, ರಿಕ್ಷಾದವರು ಬಾಯಿಗೆ ಬಂದಷ್ಟು ಕೇಳುತ್ತಿದ್ದಾರೆ ಎಂದು ಫೋನು ಮಾಡಿದಳು. ಹನ್ನೆರಡರೊಳಗೆ ಮುಗಿಯಬೇಕು, ಆಮೇಲೆ ಹೊತ್ತು ಒಳ್ಳೆಯದಲ್ಲ. ಪೂನಂ ಮನೆಯವಳೇ, ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಮನೆಯವರು ಊರಿಗೆ ಹೋಗಿದ್ದಾರೆ. ಎದುರಿನವರು ಗುಜರಾತಿಗಳು, ನಮ್ಮ ಪದ್ಧತಿ ಅವರಿಗೆ ತಿಳಿಯುವುದಿಲ್ಲ. ನಾಲ್ವರೇ ತುಂಬಿದರೆ ಆಗದೇ ಎಂದು ಸ್ವಪ್ನಿಲ್ ಕೇಳಿದ. ರುದ್ರವ್ವ ಮಗನನ್ನು ಸುಮ್ಮನೆ ನೋಡಿದರು. ಆ ನೋಟಕ್ಕೆ ಅವನು ಫೋನು ತೆಗೆದುಕೊಂಡು ಹೊರಗೆ ಹೋದ. ಆಗ ಪೂನಂ, ಒಲೆಯ ಮೇಲೆ ಮರೆತದ್ದೇನೋ ನೆನಪಾದವಳಂತೆ, ಮಾಲಾಳ ಕಡೆ ತಿರುಗಿದಳು. ಅವಳ ಕಣ್ಣು ಮುಖಕ್ಕೆ ಬರಲಿಲ್ಲ, ಕೊರಳಿನಲ್ಲೇ ನಿಂತಿತು.

‘ಅತ್ತೀ, ಇವರು ಅದಾರಲ್ಲ! ಫೋಟೋದವರು!’

‘ನಾ ಕೆಲಸದ ಮ್ಯಾಲೆ ಬಂದಾಕ್ರಿ,’ ಎಂದಳು ಮಾಲಾ.

‘ಅದಕ್ಕೇನಾತ್ರಿ? ಐದ ನಿಮಿಷ.’

‘ನಮ್ಮ ಮಂದಿ ಬ್ಯಾರೆರಿ…’

‘ಮುತ್ತೈದಿಗಿ ಯಾ ಮಂದಿ?’ ಎಂದರು ರುದ್ರವ್ವ. ‘ಆ ಬದಲಾಪುರದಾಕೀನ ತಡದು ನಿನ್ನ ಕಳಸ್ಯಾನ ದೇವರು. ಬಾ ತಂಗಿ. ಕೈ ತೊಳಕೊಂಡು ಬಾ.’

ಕೈ ತೊಳೆಯುವಾಗ ನಲ್ಲಿಯ ನೀರನ್ನು ಅವಳು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟಳು. ಹೇಳಬಹುದಿತ್ತು. ಹೇಳಿದರೆ ಸರ ಯಾತಕ್ಕೆ ಹಾಕಿಕೊಂಡಿದ್ದೀ ಎಂದು ಕೇಳುತ್ತಾರೆ. ಕಲ್ಯಾಣದ ಕನ್ನಡದವರೆಲ್ಲ ಒಂದೇ ವಾಟ್ಸಪ್ ಗುಂಪಿನಲ್ಲಿದ್ದಾರೆ. ಕನ್ನಡಿಯಲ್ಲಿ ತನ್ನ ಕೊರಳು ಬೇರೆ ಯಾರದೋ ಕೊರಳಿನ ಹಾಗೆ, ಅಂಗಡಿಯಲ್ಲಿ ಸರ ತೋರಿಸಲು ಇಟ್ಟಿರುವ ವೆಲ್ವೆಟ್ಟಿನ ಕೊರಳಿನ ಹಾಗೆ ಕಂಡಿತು. ಹೊರಗೆ ಬಂದಾಗ ಅವಳ ಹಣೆಗೂ ಕುಂಕುಮ ಹಚ್ಚಿದರು. ರುದ್ರವ್ವ ಎರಡೂ ಕೈಯಿಂದ ಸೆರಗು ಚಾಚಿ ಕುಳಿತಿದ್ದರು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಶಿನದ ಕೊಂಬು, ಒಂದು ಹಸಿರು ಖಣ. ನಾಲ್ವರ ಕೈ ಆದ ಮೇಲೆ ಅವಳ ಕೈ. ಮೂರನೆಯ ಬೊಗಸೆ ಸುರಿಯುವಾಗ, ನಾನು ಮುಟ್ಟಾಗಿದ್ದೇನೆ ಎಂದುಬಿಟ್ಟಿದ್ದರೆ ಸಾಕಿತ್ತಲ್ಲ ಎಂದು ಹೊಳೆಯಿತು. ಅಷ್ಟು ಸುಲಭದ್ದು. ಕೈ ಅಕ್ಕಿಯೊಳಗೇ ಇತ್ತು. ಅಕ್ಕಿ ತಣ್ಣಗಿತ್ತು. ನಾಲ್ಕನೆಯದು, ಐದನೆಯದು. ಬೆರಳಿನ ಸಂದಿಯಲ್ಲಿ ಉಳಿದಿದ್ದ ಎರಡು ಕಾಳನ್ನೂ ಅವಳು ಕೊಡವಿ ಹಾಕಿದಳು, ಯಾವುದನ್ನೂ ಅರ್ಧಕ್ಕೆ ಬಿಡಬಾರದೆನ್ನುವವಳ ಹಾಗೆ. ರುದ್ರವ್ವನ ಕಣ್ಣು ತುಂಬಿ ಬಂದಿತ್ತು. ಅವಳ ತಲೆಯ ಮೇಲೆ ಕೈಯಿಟ್ಟು, ‘ನನ್ನ ಹಂಗ ಆಗು ಯವ್ವಾ. ಗಂಡನ ಕೈಯಾಗ ಹೋಗು,’ ಎಂದರು.

ಫೋಟೋಕ್ಕೆ ಅದೇ ಕೋಣೆಯ ಬಾಲ್ಕನಿಯ ಬಾಗಿಲ ಪಕ್ಕ ಕುರ್ಚಿ ಹಾಕಿಸಿದಳು. ಉಳಿದವರು ಹೊರಕೋಣೆಯಲ್ಲಿ ಊಟಕ್ಕೆ ಕುಳಿತರು. ಹೋಳಿಗೆಯ ವಾಸನೆ, ತಟ್ಟೆಗಳ ಸದ್ದು, ಶಿವಪುತ್ರಪ್ಪ ಯಾರಿಗೋ ತುಪ್ಪ ಬಡಿಸಲು ಗದರುತ್ತಿದ್ದದ್ದು ಕೇಳುತ್ತಿತ್ತು. ಕೋಣೆಯಲ್ಲಿ ಇಬ್ಬರೇ. ರುದ್ರವ್ವ ಕಲ್ಲಿನಂತೆ ಕುಳಿತರು. ಎಲ್ಲ ಮುದುಕರೂ ಹೀಗೇ. ಕ್ಯಾಮೆರಾ ನೋಡಿದ ಕೂಡಲೇ ಈಗಲೇ ಗೋಡೆಗೆ ಏರಿದವರಂತೆ ಆಗುತ್ತಾರೆ. ಅದಕ್ಕೆ ಮಾಲಾಳದು ಒಂದೇ ಉಪಾಯ. ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ ಏನಾದರೂ ಒಂದು ಪ್ರಶ್ನೆ ಕೇಳುವುದು. ಉತ್ತರ ಹುಡುಕುವ ಹೊತ್ತಿನಲ್ಲಿ ಮುಖ ತನ್ನ ಕಾವಲು ಮರೆಯುತ್ತದೆ, ಆಗ ಒತ್ತಿಬಿಡುವುದು. ಮೊದಲ ಸಂಬಳ ಏನು ಮಾಡಿದಿರಿ, ಮದುವೆಯಲ್ಲಿ ಯಾರು ಅತ್ತರು, ಇಂಥವು.

‘ನಿಮ್ಮ ಬಳಗದವರೆಲ್ಲಾ ಬಂದಾರೇನ್ರಿ ಅಮ್ಮಾರ?’

‘ಬಂದಾರ. ತಂಗಿ ಒಬ್ಬಾಕೀನ ಕರದಿಲ್ಲ.’

‘ಯಾಕ್ರಿ?’

‘ಅಂಬರನಾಥದಾಗ ಇರತಾಳ. ಕರದ್ರ ಓಡಿ ಬರಾಕಿ. ಬಂದು ಮೂಲ್ಯಾಗ ಕುಂದ್ರಾಕಿ, ಪಾಪ, ಏನೂ ಮುಟ್ಟಾಂಗಿಲ್ಲ ಆಕಿ, ಶಾಣ್ಯಾಕಿ. ಆದರೂ… ಮೂವತ್ತಕ್ಕ ಗಂಡನ್ನ ಕಳಕೊಂಡಾಕಿ. ಆ ನೆರಳು ಯಾಕ ಬೇಕು ಇಂಥಾ ದಿನ? ನಾಳಿಗಿ ಹೋಳಿಗಿ ಕಳಸತೀನಿ.’ ರುದ್ರವ್ವ ಮುಗುಳ್ನಕ್ಕರು. ‘ಆಕೀಗೂ ಗೊತ್ತೈತಿ. ಬ್ಯಾಸರ ಮಾಡಕೊಳ್ಳಾಂಗಿಲ್ಲ.’

ಆ ನಗು ಚೆನ್ನಾಗಿ ಬಂದಿತ್ತು. ಮಾಲಾ ಅದನ್ನು ತೆಗೆದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಮನೆಯವರು ಕೇಳಿದ್ದು ಅಂಥದ್ದನ್ನೇ. ಅವಳು ಬೆಳಕನ್ನು ಇನ್ನೊಮ್ಮೆ ಸರಿಮಾಡಿದಳು. ಮುಖದ ಎಡಗಡೆ ಅರ್ಧ ನೆರಳು ಬರುವಂತೆ ಪರದೆ ಎಳೆದಳು. ಫೋಕಸ್ಸನ್ನು ಕಣ್ಣಿನ ಮೇಲೆ ಕೂರಿಸಿದಳು. ಅವಳಿಗೆ ಕೋಪ ಬಂದಿರಲಿಲ್ಲ. ಎರಡು ವರ್ಷದಿಂದ ಅವಳಿಗೆ ಕೋಪ ಬಂದದ್ದಿಲ್ಲ. ಇದ್ದದ್ದು ಬರೀ ಒಂದು ತಣ್ಣನೆಯ ಕುತೂಹಲ, ಅಕ್ಕಿಯಲ್ಲಿ ಕೈ ಇಟ್ಟಾಗಿನದೇ ತಂಪು.

‘ನನ್ನ ಗಂಡ ಸತ್ತು ಎರಡು ವರ್ಷ ಆತ್ರಿ,’ ಎಂದಳು, ಮತ್ತು ಒತ್ತಿದಳು.

ಏಳು ಸಲ ಒತ್ತಿದಳು. ಕ್ಯಾಮೆರಾದ ಕಿಂಡಿಯೊಳಗೆ ರುದ್ರವ್ವನ ನಗು ಒಮ್ಮೆಲೇ ಹೋಗಲಿಲ್ಲ; ತುಟಿಯಲ್ಲಿ ಉಳಿದೇ ಇತ್ತು, ಕಣ್ಣು ಮಾತ್ರ ಅದನ್ನು ಬಿಟ್ಟು ಹೊರಟಿತು. ಆಮೇಲೆ ಅವರು ಮಾಡಿದ್ದು ಬೈಯುವುದಲ್ಲ, ಕೂಗುವುದಲ್ಲ. ಎರಡೂ ಕೈಯಿಂದ ಉಡಿಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರು, ಗಡ್ಡೆಯಿದ್ದ ಆ ಹೊಟ್ಟೆಗೆ, ಯಾರೋ ಕಿತ್ತುಕೊಳ್ಳಲು ಬಂದ ಹಾಗೆ.

‘ಸುಳ್ಳು,’ ಎಂದರು.

‘ಖರೇರಿ.’

‘ಕೊರಳಾಗ ಅದು?’

‘ನಿಮ್ಮಂಥವರ ಮನಿಗಿ ಬರಾಕ ಹಾಕ್ಕೊಳ್ಳೂದು.’

ಪೂನಂ ಕೈ ಒರೆಸಿಕೊಳ್ಳುತ್ತ ಬಂದು, ಆಯಿತೇನ್ರಿ ಎಂದು ಇಬ್ಬರನ್ನೂ ಸೇರಿಸಿ ಕೇಳಿದಳು. ಮಾಲಾ ಕಾದಳು. ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಹೊರಗೆ ತಳ್ಳಿಸಿಕೊಳ್ಳಲು ಸಿದ್ಧಳಾಗಿ ನಿಂತಳು. ರುದ್ರವ್ವ ಸೊಸೆಯ ಮುಖ ನೋಡಿದರು, ಹೊರಕೋಣೆಯ ಕಡೆ ಕಿವಿಗೊಟ್ಟರು. ಅಲ್ಲಿ ಶಿವಪುತ್ರಪ್ಪ ಕೆಮ್ಮಿದರು, ನೆತ್ತಿಗೆ ಹತ್ತಿದ ಬರೀ ಒಂದು ಕೆಮ್ಮು. ರುದ್ರವ್ವನ ಕೈ ತಾಳಿಗೆ ಹೋಯಿತು. ‘ಆತು,’ ಎಂದರು. ಮನೆಯವರು ಮಾಲಾಳನ್ನು ಕೂರಿಸಿ ಹೋಳಿಗೆ ಬಡಿಸಿದರು. ಈರುಳ್ಳಿ ಹಾಕದ ಪಲ್ಯ ನಿಜವಾಗಿಯೂ ಬೇರೆ ಮಾಡಿದ್ದರು. ಹೊರಡುವಾಗ ಪೂನಂ ಐದನೆಯ ಮುತ್ತೈದೆಯ ಪಾಲಿನ ಖಣ ಮತ್ತು ತೆಂಗಿನಕಾಯಿಯನ್ನು ಅವಳ ಚೀಲಕ್ಕೆ ತುರುಕಿದಳು. ಗಾಡಿಯಲ್ಲಿ ತೆಂಗಿನಕಾಯಿ ಲೆನ್ಸಿಗೆ ತಾಗದಿರಲೆಂದು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ನಾಲ್ಕನೆಯ ಫ್ರೇಮು. ಕಂಪ್ಯೂಟರಿನ ಮುಂದೆ ಕುಳಿತಾಗ ಅವಳಿಗೆ ಅದು ತಿಳಿಯಿತು. ಅಂಥದ್ದೊಂದನ್ನು ಅವಳು ಹಿಂದೆಂದೂ ತೆಗೆದಿರಲಿಲ್ಲ. ನಗು ಇನ್ನೂ ಇಳಿದಿರಲಿಲ್ಲ, ಕಣ್ಣು ಆಗಲೇ ಎಲ್ಲ ಕಂಡಿತ್ತು. ಹಸಿರು ಬಳೆಯ ಕೈ ಉಡಿಯ ಮೇಲೆ. ತಲೆಯ ಮೇಲೆ ಹಾರಕ್ಕೆ ಜಾಗ, ಅಳತೆಗೆ ಸರಿಯಾಗಿ. ಅವಳು ಕಾಲೇಜಿನಲ್ಲಿದ್ದಾಗ ಒಬ್ಬರು ಮೇಷ್ಟ್ರು, ಒಳ್ಳೆಯ ಫೋಟೋ ತೆಗೆಯಲು ಎದುರಿಗಿರುವವರನ್ನು ಸ್ವಲ್ಪ ಪ್ರೀತಿಸಬೇಕು ಎಂದಿದ್ದರು. ಮಾಲಾ ಪರದೆಯ ಮೇಲಿನ ಮುಖವನ್ನು ದೊಡ್ಡದು ಮಾಡಿ, ಕಣ್ಣಿನ ಕರಿಗುಡ್ಡೆಯಲ್ಲಿ ಚುಕ್ಕಿಯಷ್ಟು ತನ್ನದೇ ಆಕಾರ ಕಾಣಿಸುವವರೆಗೂ ದೊಡ್ಡದು ಮಾಡಿ, ಬಹಳ ಹೊತ್ತು ಕುಳಿತಳು. ಅಳಿಸುವುದು ಒಂದು ಗುಂಡಿ ಒತ್ತುವ ಕೆಲಸ. ಆರಿಸಿಕೊಳ್ಳಲೆಂದು ಸ್ವಪ್ನಿಲ್‌ಗೆ ಕಳಿಸಿದ ಹತ್ತು ಫೋಟೋಗಳಲ್ಲಿ ಅವಳು ಅದನ್ನೂ ಸೇರಿಸಿದಳು. ಕೊನೆಯದಾಗಿ ಅಲ್ಲ, ಮೊದಲನೆಯದಾಗಿ.

ಗಂಟೆಯೊಳಗೆ ಅವನ ದನಿ ಬಂತು, ವಾಟ್ಸಪ್ಪಿನಲ್ಲಿ. ಮೊದಲನೆಯದನ್ನೇ ಆರಿಸಿದ್ದ, ನೋಡಿ ಅಪ್ಪ ಅತ್ತುಬಿಟ್ಟಿದ್ದರು. ‘ಮೇಡಂ, ಪೆಹಲಾ ವಾಲಾ ಫೈನಲ್. ಅಪ್ಪಾ ತೋ ರೋನೆ ಲಗೇ ದೇಖ್ ಕೆ. ಅವ್ವಾ ಅಗದಿ ದೇವೀ ಹಂಗ ಕಾಣತಾಳ.’

ಮೂರನೆಯ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

‘ನಾನು. ಕಲ್ಯಾಣದಾಗಿಂದ.’ ಮೆಲುದನಿ, ಹಿಂದೆ ಫ್ಯಾನಿನ ಸದ್ದು. ‘ಎಲ್ಲಾರೂ ಮಲಗ್ಯಾರ.’

‘ಹೇಳ್ರಿ ಅಮ್ಮಾರ.’

‘ನಾ ಯಾರಿಗೂ ಹೇಳಿಲ್ಲ. ಹೇಳಿದ್ರ ತುಂಬಿದ್ದು ಹಾಳಾಗತೈತಿ. ನೀನೂ ಹೇಳಬ್ಯಾಡ.’

‘ಹೇಳಾಂಗಿಲ್ರಿ.’

‘ಇವರಿಗೆ ಜ್ವರ ಬಂದೈತಿ.’

ಮಾಲಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

‘ಮಳಿಗಾಲದ್ದು ಅಂದ್ರು ಡಾಕ್ಟರು. ಮಲಗಿದ್ರ ಮೂಗಿನ ಮುಂದ ಕೈ ಹಿಡದು ನೋಡತೀನಿ. ಈಗೂ ಹಿಡದ ಕುಂತೀನಿ. ಅರವತ್ತು ವರ್ಷ ನಾ ಏನೂ ಬೇಡಿಲ್ಲ ತಂಗಿ. ಇದೊಂದ. ಇವರಕಿಂತ ಮೊದಲ. ನೀ ಯಾಕ ಹಂಗ ಅಂದಿ? ಆಗಲಿ, ತುಂಬಾಕ ಬಂದಿ, ತುಂಬಿದಿ. ಸುಮ್ಮ ಹೋಗಬಾರದಿತ್ತಾ? ನಂಗ ಯಾಕ ಹೇಳಿದಿ?’

ಇದಕ್ಕೆ ಉತ್ತರವಿತ್ತು. ಫೋಟೋ ಚೆನ್ನಾಗಿ ಬರಲಿ ಅಂತ. ಅಂಬರನಾಥದ ನಿಮ್ಮ ತಂಗಿಗಾಗಿ. ಎರಡೂ ಪೂರ್ತಿ ನಿಜವಲ್ಲ. ತಾನು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದ ಮೇಲೆ ಬೇರೆ ಯಾರಾದರೊಬ್ಬರು ಆ ಬಾಗಿಲಲ್ಲಿ ನಿಂತದ್ದನ್ನು ನೋಡಬೇಕೆನ್ನಿಸಿತ್ತು, ಅಷ್ಟೇ.

‘ಸುಳ್ಳ ಹೇಳಿದ್ದೆ ಅನ್ನು,’ ಎಂದರು ರುದ್ರವ್ವ. ‘ಅಷ್ಟ ಅನ್ನು. ನಾ ನಂಬತೀನಿ. ಚ್ಯಾಷ್ಟಿ ಮಾಡಿದೆ ಅನ್ನು.’

ಫ್ಯಾನು ತಿರುಗುತ್ತಿತ್ತು. ಒಂದು ಮಾತು. ಯಾರಿಗೂ ನಷ್ಟವಿಲ್ಲದ ಮಾತು. ಮಾಲಾ ಬಾಯಿ ತೆರೆದಳು. ಆದರೆ ಆ ಮಾತು ಆಡಿದರೆ ಗುಣಪಾಲ ಸತ್ತದ್ದು ತಮಾಷೆಯಾಗುತ್ತದೆ ಎಂದೋ, ಅಥವಾ ಕೇಳುವವರು ಬೇಡುತ್ತಿದ್ದಾರೆ, ಕೊಡದಿರುವುದು ತನ್ನ ಕೈಯಲ್ಲಿದೆ ಎಂಬ, ಎರಡು ವರ್ಷದಲ್ಲಿ ಮೊದಲ ಬಾರಿ ಸಿಕ್ಕ, ಆ ಸಣ್ಣ ರುಚಿಗೋ, ‘ಖರೇನ ಹೇಳಿದ್ದುರಿ,’ ಎಂದಳು. ಆ ಕಡೆಯಿಂದ ಫೋನು ಇಡಲಿಲ್ಲ. ಬಹಳ ಹೊತ್ತು ಫ್ಯಾನಿನ ಸದ್ದು, ಒಂದು ಮುದಿ ಉಸಿರು, ಅದರ ಹಿಂದೆ ಇನ್ನೊಂದು ಮುದಿ ಉಸಿರು ಕೇಳುತ್ತಲೇ ಇತ್ತು. ಕೊನೆಗೆ ಇವಳೇ ಇಟ್ಟಳು.

ಚೌಕಟ್ಟು ಹಾಕಿಸಿ ಒಯ್ದು ಕೊಡಲು ಇನ್ನೊಂದು ವಾರ ಹಿಡಿಯಿತು. ಕೊರಿಯರಿನಲ್ಲಿ ಕಳಿಸಬಹುದಿತ್ತು, ಗಾಜು ಒಡೆಯುತ್ತದೆ ಎಂದು ತನಗೇ ಹೇಳಿಕೊಂಡಳು. ಶಿವಪುತ್ರಪ್ಪ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಅದೇ ಸೋಫಾದಲ್ಲಿ ಕುಳಿತಿದ್ದರು. ಅವರ ಪಕ್ಕಕ್ಕೆ, ಮೊದಲ ದಿನ ಒಳಕೋಣೆ ಬಿಟ್ಟು ಬರಲಾರದಿದ್ದ ರುದ್ರವ್ವ. ಹತ್ತು ದಿನದಲ್ಲಿ ಮುಖ ಕುಗ್ಗಿ ಮೂಗೊಂದೇ ಉಳಿದಿತ್ತು. ಒಂದು ಕೈ ಗಂಡನ ಮಣಿಕಟ್ಟಿನ ಮೇಲೆ, ನಾಡಿ ನೋಡುವವರ ಹಾಗೆ.

‘ಬಾರವ್ವಾ ಬಾ,’ ಎಂದರು ಶಿವಪುತ್ರಪ್ಪ. ‘ನೋಡು, ಈಕಿ ನನಗ ಪೊಲೀಸ್ ಆಗ್ಯಾಳ. ಸಂಡಾಸಕ್ಕ ಹೋದ್ರೂ ಬಾಗಲದಾಗ ನಿಂದರತಾಳ. ಒಂದು ಜ್ವರ ಬಂದಿತ್ತು, ಹೋತು. ಈಕೀ ಅಂಜಿಕಿ ಹೋಗವಲ್ಲದು.’

‘ಊಟಾನೂ ಬಿಟ್ಟಾರ್ರಿ ಅತ್ತಿ,’ ಎಂದಳು ಪೂನಂ. ‘ನಾ ಉಂಡು ಮಲಗಿದಾಗ ಇವರಿಗೇನಾರ ಆದ್ರ ಅಂತಾರ. ಏನು ಹೊಕ್ಕೈತೋ ತಲ್ಯಾಗ.’

ಸ್ವಪ್ನಿಲ್ ಹೊದಿಕೆ ಬಿಚ್ಚಿ ಫೋಟೋವನ್ನು ಕುರ್ಚಿಯ ಮೇಲೆ ಒರಗಿಸಿದ. ಕ್ಯಾ ಬಾತ್ ಹೈ ಎಂದ ಅವನು. ಕಣ್ಣು ನೋಡ್ರಿ ಅತ್ತೀದು, ಎಲ್ಲಾ ಬಿಟ್ಟು ಹೊಂಟವರ ಕಣ್ಣು, ಎಂದಳು ಪೂನಂ. ಶಿವಪುತ್ರಪ್ಪ ಕನ್ನಡಕ ಒರೆಸಿಕೊಂಡರು. ರುದ್ರವ್ವ ತಮ್ಮ ಮುಖವನ್ನು ನೋಡಿದರು, ಮಡಿಲಿನ ಉಡಿಯನ್ನು ನೋಡಿದರು, ಆಮೇಲೆ ಮಾಲಾಳನ್ನು. ಮಾಲಾ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಬೇಕೆಂದು ತಿಳಿದಿತ್ತು, ಆಗಲಿಲ್ಲ.

‘ಕುಂದ್ರು ತಂಗಿ,’ ಎಂದರು ರುದ್ರವ್ವ. ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಿತ್ತು. ‘ಅವತ್ತ ಗದ್ದಲದಾಗ ಕೇಳೂದ ಆಗಲಿಲ್ಲ. ನಿಮ್ಮ ಮನಿಯವರು ಏನ್ ಮಾಡತಾರ?’

ಪೂನಂ ಚಹಾ ತಂದಿಟ್ಟಳು. ಸ್ವಪ್ನಿಲ್ ಗೋಡೆಯ ಮೇಲೆ ಎತ್ತರ ಅಳೆಯುತ್ತಿದ್ದ. ಮಾಲಾ ಲೋಟ ಎತ್ತಿದಳು, ಇಟ್ಟಳು.

‘ಕಂಪನಿರಿ. ಮಹಾಪೆದಾಗ.’

‘ಆರಾಮ ಅದಾರ?’

ಗಂಡನ ಮಣಿಕಟ್ಟಿನ ಮೇಲಿದ್ದ ಆ ಬೆರಳುಗಳು ಬೆಳ್ಳಗಾಗುವಷ್ಟು ಬಿಗಿಯಾಗಿದ್ದವು.

‘ಆರಾಮ ಅದಾರ್ರಿ.’

‘ಹೆಸರೇನು?’

‘ಏ, ಗಂಡನ ಹೆಸರು ಕೇಳಿ ನಾಚಿಸಬ್ಯಾಡ ಹುಡುಗೀನ,’ ಎಂದರು ಶಿವಪುತ್ರಪ್ಪ.

‘ಗುಣಪಾಲ,’ ಎಂದಳು ಮಾಲಾ. ಎರಡು ವರ್ಷದಿಂದ ಬ್ಯಾಂಕಿನವರಿಗೆ, ವಿಮೆಯವರಿಗೆ ಮಾತ್ರ ಹೇಳಿದ್ದ ಹೆಸರು. ಬಾಯಲ್ಲಿ ಅದು ಬೆಚ್ಚಗಿತ್ತು.

‘ಇವತ್ತ ಕೆಲಸಕ್ಕ ಹೋಗ್ಯಾರೇನು?’

‘ಹೋಗ್ಯಾರ್ರಿ.’

‘ಸಂಜೀಕ ಎಷ್ಟಕ್ಕ ಬರತಾರ?’

‘ಏಳೂವರಿ ಆಗತೈತ್ರಿ.’

ಸುಳ್ಳು ಅದಾಗಿಯೇ ಬರುತ್ತ ಹೋಯಿತು. ಅಡುಗೆಗೆ ಏನು ಬೇಕಾಗುತ್ತದೆ, ಕೋಪ ಬರುತ್ತದೆಯೇ, ಹೊಡೆಯುವುದಿಲ್ಲವಲ್ಲ. ಇಲ್ರಿ, ಮೆತ್ತನ್ನ ಮನಷ್ಯಾ. ಪ್ರತಿ ಉತ್ತರಕ್ಕೂ ರುದ್ರವ್ವ ಗಂಡನ ಕಡೆ, ಮಗನ ಕಡೆ, ಸೊಸೆಯ ಕಡೆ, ಕೇಳಿದಿರೇನು ಎನ್ನುವಂತೆ ನೋಡುತ್ತಿದ್ದರು. ಅವರ ಮುಖಕ್ಕೆ ರಕ್ತ ಬರುತ್ತಿತ್ತು. ಪೂನಂ ತಂದಿಟ್ಟ ಬಿಸ್ಕತ್ತನ್ನು ಮುರಿದು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಅತ್ತೆ ತಿಂದದ್ದನ್ನು ನೋಡಿ ಪೂನಂ ಗಂಡನಿಗೆ ಸನ್ನೆ ಮಾಡಿದಳು.

‘ಫೋನ್ ಹಚ್ಚು,’ ಎಂದರು ರುದ್ರವ್ವ.

‘ಏನ್ರಿ?’

‘ನಿಮ್ಮ ಮನಿಯವರಿಗೆ. ನಾ ಮಾತಾಡತೀನಿ. ನಿಮ್ಮ ಹೆಂಡ್ತಿ ಬಾಳ ಚಂದ ಫೋಟೋ ತಗದಾಳ ಅಂತ ಹೇಳತೀನಿ. ಹಚ್ಚು.’

‘ಕೆಲಸದಾಗ ಇರತಾರ್ರಿ…’

‘ಒಂದು ಮಾತು. ಹಚ್ಚವ್ವಾ.’

‘ಲಗಾ ದೋ ಮೇಡಂ,’ ಎಂದು ನಕ್ಕ ಸ್ವಪ್ನಿಲ್, ಗೋಡೆಗೆ ಮೊಳೆ ಹಿಡಿದುಕೊಂಡು. ‘ನಹೀ ತೋ ಅವ್ವಾ ಬಿಡಾಂಗಿಲ್ಲ.’

ಮಾಲಾ ಫೋನು ತೆಗೆದಳು. ಹೆಸರು ಅಲ್ಲೇ ಇತ್ತು, ಮೊದಲಿನ ಜಾಗದಲ್ಲೇ. ಬೆರಳು ಒತ್ತಿತು. ಕಿವಿಗೆ ಹಿಡಿದಾಗ ಒಂದು ಕ್ಷಣ ಏನೂ ಇರಲಿಲ್ಲ, ಆ ಒಂದು ಕ್ಷಣ ಅವಳ ಎದೆ ಪೆದ್ದಾಗಿ ಕಾಯಿತು. ಆಮೇಲೆ ಒಬ್ಬ ಹೆಂಗಸಿನ ನಯವಾದ ದನಿ, ನೀವು ಕರೆದ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಮರಾಠಿಯಲ್ಲಿ ಹೇಳಿತು. ಅಷ್ಟರಲ್ಲಿ ರುದ್ರವ್ವ ಕೈ ಚಾಚಿದ್ದರು. ಬಳೆಗಳು ತೋಳಿನಿಂದ ಮಣಿಕಟ್ಟಿಗೆ ಜಾರಿ ಬಂದವು. ಅವಳು ಫೋನನ್ನು ಆ ಕೈಯಲ್ಲಿಟ್ಟಳು.

ರುದ್ರವ್ವ ಅದನ್ನು ಕಿವಿಗೆ ಒತ್ತಿಕೊಂಡರು. ನಲವತ್ತೈದು ವರ್ಷ ಕಲ್ಯಾಣದಲ್ಲಿ ಕಳೆದವರು. ಅಷ್ಟು ಮರಾಠಿ ಅವರಿಗೆ ತಿಳಿಯುತ್ತಿತ್ತು. ಪೂರ್ತಿ ಕೇಳಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ.

‘ಹಲೋ, ಗುಣಪಾಲ ಏನ್ರಿ?’ ಎಂದರು ಗಟ್ಟಿಯಾಗಿ. ‘ನಾ ಕಲ್ಯಾಣದಿಂದ ರುದ್ರವ್ವ… ಹೂಂ, ಹೂಂ. ನಿಮ್ಮ ಮನಿಯಾಕಿ ಇಲ್ಲೇ ಅದಾಳ. ನನ್ನ ಉಡಿ ತುಂಬಿದ್ಲಪಾ. ಬಾಳ ಚೊಲೋ ಮನಸಿನಾಕಿ… ಏನಂದ್ರಿ?’ ಅವರು ನಕ್ಕರು, ಸೋಫಾದ ಮೇಲಿದ್ದವರ ಕಡೆ ತಿರುಗಿ, ಕೈಯನ್ನು ಫೋನಿಗೆ ಅಡ್ಡ ಹಿಡಿದು, ‘ದನಿ ಹುಡುಗರ ಹಂಗ ಐತಿ,’ ಎಂದರು. ಶಿವಪುತ್ರಪ್ಪನೂ ನಕ್ಕರು. ‘ಇರಲೆಪ್ಪಾ, ನೂರು ವರ್ಷ ಬಾಳು. ಆಕೀನ ಬಿಟ್ಟು ಎಲ್ಲಿಗೂ ಹೋಗಬ್ಯಾಡ.’

ಆಮೇಲೆ ಫೋನನ್ನು ಕಿವಿಯಿಂದ ತೆಗೆದು, ಮಾಲಾಳ ಕಣ್ಣನ್ನೇ ನೋಡುತ್ತ, ಅವಳ ಕಡೆ ಹಿಡಿದರು.

‘ತಗೋ. ನಿನ್ನ ಜೋಡಿ ಮಾತಾಡಬೇಕಂತ.’

ಸ್ವಪ್ನಿಲ್ ಸುತ್ತಿಗೆ ತಡೆದು ನಿಂತ. ಪೂನಂ ನಗುತ್ತ ಕಾದಳು. ಮಾಲಾ ಫೋನನ್ನು ಕಿವಿಗೆ ಹಿಡಿದಳು.

‘ಹೂಂ, ಹೇಳ್ರಿ,’ ಎಂದಳು.